ಪಾಲಾಗದ ಬಾಗಿಲಿನ ತೋರಣ

ನಮ್ಮ ಮನೆಯಲ್ಲಿ ಬಾಯಿಗಿಂತ ಕೈ ಮುಂದು. ಮದುವೆಯಾಗಿ ಬಂದ ಮೊದಲ ವಾರದಲ್ಲೇ, ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ಮಾವನವರ ತಟ್ಟೆ ಗೋಡೆಗೆ ಹಾರಿದ್ದನ್ನು ನೋಡಿದೆ. ನನಗೇನೂ ಆಶ್ಚರ್ಯವಾಗಲಿಲ್ಲ. ನನ್ನ ತವರು ಕನಕಪುರದ ಕಡೆ, ದೊಡ್ಡಆಲಹಳ್ಳಿಯ ಹತ್ತಿರ. ಅಲ್ಲಿ ನಮ್ಮವ್ವ ಸಿಟ್ಟು ಬಂದರೆ ಒಲೆಯೊಳಗಿನ ಕೊಳ್ಳಿಯನ್ನೇ ಹಿರಿದು ಎಸೆಯುತ್ತಿದ್ದಳು. ನಾನೂ ಅವಳ ಮಗಳೇ. ಸಿಟ್ಟು ಬಂದರೆ ನನಗೆ ಮೊದಲು ಕೈ ಬಿಸಿಯಾಗುತ್ತದೆ, ತಲೆಗೆ ಅದು ಆಮೇಲೆ ಗೊತ್ತಾಗುತ್ತದೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಮುಂದೆ ಹೇಳುವುದನ್ನು ಯಾರೂ ಆಕಸ್ಮಿಕ ಅಂದುಕೊಳ್ಳಬಾರದು ಎಂದು ಮೊದಲೇ ಹೇಳಿಬಿಡುತ್ತಿದ್ದೇನೆ.

ಚನ್ನಪಟ್ಟಣ ತಾಲ್ಲೂಕಿನಲ್ಲಿ, ವಿರೂಪಾಕ್ಷಿಪುರದಿಂದ ಒಳಕ್ಕಿರುವ ಹಳ್ಳಿ ನಮ್ಮದು. ಗಂಡನ ಮನೆಯಲ್ಲಿ ಅಣ್ಣತಮ್ಮಂದಿರು ಇಬ್ಬರು. ನನ್ನ ಗಂಡ ದೊಡ್ಡವನು. ಮಾವ ತೀರಿಕೊಂಡ ಮೇಲೆ ಪಾಲಿನ ಮಾತು ಬಂತು. ಬೋರ್‌ವೆಲ್ ಪಕ್ಕದ ತೆಂಗಿನ ಸಾಲು ಯಾರಿಗೆ ಎಂಬಲ್ಲಿ ಮಾತು ನಿಂತಿತು. ನಿಂತ ಮಾತನ್ನು ನನ್ನ ಗಂಡ ಎಳನೀರು ಕೆತ್ತುವ ಮಚ್ಚಿನಿಂದ ಮುಂದುವರಿಸಿದ. ತಮ್ಮನ ಕುತ್ತಿಗೆಗೆ ಬೀಳಬೇಕಾಗಿದ್ದ ಏಟು ಹೆಗಲಿಗೆ ಬಿತ್ತು. ಹೊಲಿಗೆ ಹಾಕಿದ ಗುರುತು ಮೈದುನ ಬನಿಯನ್ನಿನಲ್ಲಿ ಓಡಾಡುವಾಗ ಇವತ್ತಿಗೂ ಕಾಣುತ್ತದೆ. ಪೊಲೀಸು, ಕೋರ್ಟು ಬೇಡವೆಂದು ಊರ ಹಿರಿಯರು ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಿದರು. ಮೈದುನ ಒಪ್ಪಿದ. ಆದರೆ ಎಲ್ಲರೆದುರು ಒಂದು ಮಾತು ಹೇಳಿಯೇ ಎದ್ದ.

"ಈ ಸಲ ನಾನ್ ಸುಮ್ಕಾಗಿವ್ನಿ. ಇನ್ನೊಂದ್ ಸಲ ಅವ್ರ ಕಡೆಯಿಂದ ನಮ್ಮೋರ ಮೈಮೇಲೆ ಒಂದ್ ಗಾಯ ಆಗ್ಲಿ, ಆವತ್ತು ಒಂದ್ ಹೆಣ ಬೀಳ್ತದೆ."

ಯಾರೂ ಅದನ್ನು ಬರೀ ಬಾಯಿಮಾತು ಅಂದುಕೊಳ್ಳಲಿಲ್ಲ. ನಾನಂತೂ ಅಂದುಕೊಳ್ಳಲಿಲ್ಲ. ಅವನೂ ಅದೇ ದಿನ ಒಂದು ಮಚ್ಚು ತಂದು ತನ್ನ ಕೋಣೆಯ ಅಟ್ಟದ ಮೇಲೆ ಇಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೆ.

ಮನೆ ಎರಡಾಯಿತು. ನಡುಮನೆಗೆ ಅಡ್ಡ ಗೋಡೆ ಎದ್ದಿತು. ಎರಡು ಅಡುಗೆಮನೆ, ಎರಡು ಬಚ್ಚಲು, ಎರಡು ಮೀಟರು. ತಲೆಬಾಗಿಲು ಮಾತ್ರ ಒಂದೇ ಉಳಿಯಿತು. ಒಂದು ಮನೆಗೆ ಎರಡು ತಲೆಬಾಗಿಲು ಇಟ್ಟರೆ ಮನೆತನಕ್ಕೆ ಆಗಿಬರುವುದಿಲ್ಲ ಎಂದು ಹಿರಿಯರು ಹಟ ಹಿಡಿದರು. ಹಾಗಾದರೆ ಹಬ್ಬಕ್ಕೆ ಆ ಬಾಗಿಲಿಗೆ ತೋರಣ ಕಟ್ಟುವವರು ಯಾರು ಎಂದು ಅತ್ತೆ ಕೇಳಿದರು. ಒಂದು ವರ್ಷ ದೊಡ್ಡ ಸೊಸೆ, ಒಂದು ವರ್ಷ ಚಿಕ್ಕ ಸೊಸೆ ಎಂದು ತೀರ್ಮಾನವಾಯಿತು. ತೀರ್ಮಾನ ಹೇಳಿದವರು ಕಾಫಿ ಕುಡಿದು ಎದ್ದು ಹೋದರು. ಅವರ ಮನೆಯ ಬಾಗಿಲು ಅವರಿಗೇ ಇತ್ತಲ್ಲ.

ತೋರಣ ಅಂದರೆ ಅಷ್ಟೇನು ದೊಡ್ಡ ವಿಷಯ ಎಂದು ನನ್ನ ಗಂಡ ನಗುತ್ತಾನೆ. ತೋಟದಲ್ಲಿ ಮಾವಿನ ಸೊಪ್ಪು ಬಿಟ್ಟಿ ಇರುವಾಗ ಅದೇ ಆಕಾರವನ್ನು ಫೋಮ್ ಶೀಟಿನಲ್ಲಿ ಕತ್ತರಿಸುತ್ತಾ ಕೂರುವ ಹೆಂಗಸರ ಬುದ್ಧಿಗೆ ಏನು ಹೇಳಬೇಕೋ ಎನ್ನುತ್ತಾನೆ. ಹೇಳಲಿ. ಚನ್ನಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದೆ, ಯಾವುದು ತೆಗೆದುಕೊಂಡರೂ ಒಂದೇ ರೇಟು ಎಂದು ಕೂಗುವ ಅಂಗಡಿಯೊಂದಿದೆ. ಶ್ರಾವಣ ಹತ್ತಿರವಾದರೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಸಿರು ಫೋಮ್ ಶೀಟು, ಚಿನ್ನದ ಬಣ್ಣದ ಲೇಸು, ಅಂಟಿಸುವ ಕೆಂಪು ಕಲ್ಲು, ಪ್ಲಾಸ್ಟಿಕ್ ಮುತ್ತು, ಸ್ಯಾಟಿನ್ ರಿಬ್ಬನ್ನು, ಎಲ್ಲ ಅಲ್ಲೇ. ಜೊತೆಗೆ, ಚನ್ನಪಟ್ಟಣದ ಊರೊಳಗೆ ಮರದ ಗೊಂಬೆ ಮಾಡುವವರ ಮನೆಯ ಅಜ್ಜಿಯೊಬ್ಬರು ಬಣ್ಣ ಸಿಡಿದು ತಳ್ಳಿಹಾಕಿದ ಮಣಿಗಳನ್ನು ನನಗೆಂದು ಚೀಲದಲ್ಲಿ ಎತ್ತಿಟ್ಟಿರುತ್ತಾರೆ. ಸಿಡಿದ ಕಡೆಯನ್ನು ಹಿಂದಕ್ಕೆ ತಿರುಗಿಸಿ ಪೋಣಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಒಂದಲ್ಲ ಒಂದು ವಸ್ತು ಒಡೆಯುತ್ತಲೇ ಇರುವ ಮನೆಯಲ್ಲಿ ನಾನು ಕೂತು ಏನನ್ನಾದರೂ ಜೋಡಿಸುವುದು ವರ್ಷಕ್ಕೆ ಆ ನಾಲ್ಕು ದಿನ ಮಾತ್ರ. ಆ ನಾಲ್ಕು ದಿನ ನನಗೆ ಬೇಕು.

ಜಗಳಕ್ಕೆ ಕಾರಣವಾದದ್ದು ಅತ್ತೆಯ ಸಾವು. ಮನೆಯಲ್ಲಿ ಸಾವಾದರೆ ಆ ವರ್ಷ ಹಬ್ಬ ಮಾಡುವುದಿಲ್ಲ. ಬಾಗಿಲಿಗೆ ಏನನ್ನೂ ಕಟ್ಟುವುದಿಲ್ಲ. ಹಾಗೆ ಬರಿದಾಗಿ ಕಳೆದ ವರ್ಷ ನನ್ನ ಸರದಿಯ ವರ್ಷ. ಮರುವರ್ಷದ ವರಮಹಾಲಕ್ಷ್ಮಿ ಹಬ್ಬ ಬಂದಾಗ, ಉಳಿದುಹೋದ ಸರದಿ ನನಗೇ ಸೇರಬೇಕು ಎಂದು ನಾನು ಅಂದುಕೊಂಡೆ. ಕಳೆದದ್ದು ಕಳೆಯಿತು, ಇದು ನನ್ನ ವರ್ಷ ಎಂದು ನನ್ನ ವಾರಗಿತ್ತಿ ಅಂದುಕೊಂಡಳು. ಇಂಥದ್ದಕ್ಕೆ ಹಿರಿಯರು ತೀರ್ಮಾನ ಬರೆದಿರಲಿಲ್ಲ. ನಾವಿಬ್ಬರೂ ಒಬ್ಬರನ್ನೊಬ್ಬರು ಕೇಳಲೂ ಇಲ್ಲ. ಇಬ್ಬರೂ ಬೇರೆ ಬೇರೆ ದಿನ ಅದೇ ಅಂಗಡಿಗೆ ಹೋಗಿ ಬಂದೆವು.

ಹಬ್ಬದ ಹಿಂದಿನ ಗುರುವಾರ. ಗಂಡಸರಿಬ್ಬರೂ ಬೇರೆ ಬೇರೆ ಟೆಂಪೋದಲ್ಲಿ ರೇಷ್ಮೆಗೂಡು ಹಾಕಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೋಗಿದ್ದರು. ಮಕ್ಕಳು ಶಾಲೆಗೆ ಹೋಗಿದ್ದವು. ನಾನು ಜಗಲಿಯ ಮೇಲೆ ಕೂತು, ಒಳಗಿನಿಂದ ವೈರು ಎಳೆದುಕೊಂಡು, ಗ್ಲೂ ಗನ್ನಿನಿಂದ ಕೊನೆಯ ಸಾಲಿನ ಕಲ್ಲು ಅಂಟಿಸುತ್ತಿದ್ದೆ. ನೋಡದವರಿಗೆ ಹೇಳುತ್ತೇನೆ: ಅದು ಪಿಸ್ತೂಲಿನ ಆಕಾರದ್ದು. ಹಿಂದಿನಿಂದ ಮೇಣದಂಥ ಕಡ್ಡಿ ತೂರಿಸಿ, ಕರೆಂಟು ಕೊಟ್ಟು, ಬೆರಳಿನಿಂದ ಒತ್ತಿದರೆ ಮೂತಿಯಿಂದ ಕುದಿಯುವ ಅಂಟು ಇಳಿಯುತ್ತದೆ.

ವಾರಗಿತ್ತಿ ಒಳಗಿನಿಂದ ಸ್ಟೂಲು ಹಿಡಿದು ಬಂದಳು. ಮಾಗಡಿ ಕಡೆಯವಳು, ನನಗಿಂತ ಎಂಟು ವರ್ಷಕ್ಕೆ ಚಿಕ್ಕವಳು, ಮಾತು ಕಡಿಮೆ. ಅವಳ ತೋಳಿನಲ್ಲಿ ಒಂದು ತೋರಣ ಜೋತಾಡುತ್ತಿತ್ತು. ನೋಡಿದರೆ ಅದು ನನ್ನದೇ. ಅದೇ ಹಸಿರು ಎಲೆ, ಅದೇ ಕೆಂಪು ಕಲ್ಲು, ನಡುವೆ ಅದೇ ಲೇಸಿನ ಕಮಲ. ಇಬ್ಬರೂ ಫೋನಿನಲ್ಲಿ ಒಂದೇ ವಿಡಿಯೋ ನೋಡಿ ಮಾಡಿದ್ದೆವು. ಬೇರೆ ಯಾವ ಮನೆಯಲ್ಲಾದರೂ ಇಬ್ಬರು ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು.

"ನಂದ್ ನೋಡ್ಕಂಡು ಮಾಡಿದ್ದೀಯ," ಅಂದೆ.

"ನೀನೆಲ್ಲಿ ತೋರ್ಸಿದ್ದೆ ನೋಡೋಕೆ? ಸರ್ಕೊ ಅಕ್ಕ, ಕಟ್ಬೇಕು. ಈ ವರ್ಷ ನಂದು."

"ಹೆಂಗಮ್ಮಿ ನಿಂದು? ಹೋದ್ ವರ್ಷ ಹಬ್ಬನೇ ಮಾಡ್ನಿಲ್ಲ. ನನ್ ಸರದಿ ಹಂಗೇ ಐತೆ."

"ಮಾಡ್ದಿದ್ರೂ ವರ್ಷ ವರ್ಷನೇ ಕಣಕ್ಕ."

ಹಾಗೆಂದು ಅವಳು ಸ್ಟೂಲು ಹತ್ತಿ ಒಂದು ತುದಿಯನ್ನು ಮೊಳೆಗೆ ಸಿಕ್ಕಿಸಿದಳು. ನಾನು ಎದ್ದು ಇನ್ನೊಂದು ತುದಿ ಹಿಡಿದು ಎಳೆದೆ. ಅವಳು ಸ್ಟೂಲಿನಿಂದ ಜಾರಿ ಹೊಸಿಲಿಗೆ ಮೊಣಕಾಲು ಹೊಡೆದುಕೊಂಡಳು. ಏಳುತ್ತಲೇ ಜಗಲಿಯ ಮೇಲಿದ್ದ ನನ್ನ ತೋರಣಕ್ಕೆ ಕೈ ಹಾಕಿ ನಡುವೆ ಹರಿದಳು. ಮಣಿಗಳು ಮೆಟ್ಟಿಲ ಮೇಲೆ ಉರುಳಿ ಚರಂಡಿಗೆ ಬಿದ್ದವು. ನಾನು ಅವಳ ಜಡೆ ಹಿಡಿದೆ. ಅವಳು ನನ್ನ ಕೆನ್ನೆಗೆ ಉಗುರು ಹಾಕಿದಳು. ಅಷ್ಟಕ್ಕೇ ಮುಗಿದಿದ್ದರೆ ಅದು ನಮ್ಮ ಮನೆಯಲ್ಲಿ ಜಗಳವೆಂದು ಲೆಕ್ಕಕ್ಕೇ ಬರುತ್ತಿರಲಿಲ್ಲ. ಆದರೆ ಅವಳು ಮಾತಾಡಿದಳು.

"ಅತ್ತೆ ಸಾಯೋ ಗಳಿಗೇಲಿ ನಿನ್ ಕೈಯಲ್ಲಿ ನೀರ್ ಕುಡೀನಿಲ್ಲ. ಮುಖ ತಿರುಗಿಸ್ಕಂಡ್ರು. ಬಾಗ್ಲು ನಿಂದಂತೆ, ಬಾಗ್ಲು."

ಅದು ನಿಜ. ಅತ್ತೆ ನನ್ನ ಲೋಟ ದೂಡಿ ಅವಳ ಕೈಯಿಂದ ನೀರು ಕುಡಿದು ಕಣ್ಣು ಮುಚ್ಚಿದ್ದರು. ಅದನ್ನು ನಾನು ಯಾರಿಗೂ ಹೇಳಿಕೊಂಡಿರಲಿಲ್ಲ. ಆ ಹೊತ್ತು ಕೋಣೆಯಲ್ಲಿದ್ದವರು ನಾವಿಬ್ಬರೇ.

ಜಗಲಿಯ ಮೇಲೆ ಕಾಯುತ್ತಿದ್ದ ಗನ್ನನ್ನು ಎತ್ತಿಕೊಂಡೆ. ಎಡಗೈಯಲ್ಲಿ ಅವಳ ಬಲಗೈ ಹಿಡಿದು, ಮೊಣಕೈ ಕೆಳಗೆ, ಒಳಮೈಯ ಮೆತ್ತನೆಯ ಜಾಗಕ್ಕೆ ಮೂತಿ ಇಟ್ಟು ಒತ್ತಿದೆ. ತಗುಲಿತು ಎಂದಲ್ಲ, ಒತ್ತಿದೆ. ಬೆರಳನ್ನೂ ಒತ್ತಿದೆ. ಅಂಟು ಇಳಿಯಿತು. ಅವಳು ಕೂಗಲಿಲ್ಲ, ಉಸಿರು ಒಳಕ್ಕೆ ಎಳೆದುಕೊಂಡು ನಿಂತುಬಿಟ್ಟಳು. ನಾನು ಇನ್ನೂ ಸ್ವಲ್ಪ ಹೊತ್ತು ಹಿಡಿದೇ ಇದ್ದೆ. ಚರ್ಮ ಸುಟ್ಟ ವಾಸನೆ ಮೂಗಿಗೆ ಬಂದ ಮೇಲೆ ಕೈ ಬಿಟ್ಟೆ.

ಇಬ್ಬರೂ ಬೀದಿಯ ಕಡೆ ನೋಡಿದೆವು. ಬೀದಿಯಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಆಗ ನನ್ನ ತಲೆಗೆ ಗೊತ್ತಾಯಿತು. ಮೈದುನನ ಮಾತು ನೆನಪಾಯಿತು. ನಮ್ಮೋರ ಮೈಮೇಲೆ ಒಂದು ಗಾಯ. ಅವಳ ಮುಖ ನೋಡಿದೆ. ಅವಳಿಗೂ ಅದೇ ನೆನಪಾಗಿತ್ತು.

"ಅವ್ರು ಬರೋ ಹೊತ್ತಾಯ್ತದೆ," ಅಂದಳು. ಹಲ್ಲು ಕಚ್ಚಿಕೊಂಡೇ ಅಂದಳು. "ಗೊತ್ತಾದ್ರೆ ನನ್ ಗಂಡ ಕಡ್ದಾಕ್ತಾನೆ. ನಿನ್ ಗಂಡ ಸುಮ್ಕಿರಾಕಿಲ್ಲ. ಇಬ್ರಲ್ಲಿ ಒಬ್ಬ ಸಾಯ್ತಾನೆ, ಇನ್ನೊಬ್ಬ ಜೈಲಿಗೆ ಹೋಯ್ತಾನೆ. ಮಕ್ಳ ಗತಿ?"

"ಏನಂತ ಹೇಳೋದು?"

"ಕಜ್ಜಾಯ ಕರಿಯೋವಾಗ ಎಣ್ಣೆ ಸಿಡೀತು ಅಂತೀನಿ."

ನಾನು ಅವಳ ಕೈ ನೋಡಿದೆ. ಅಂಟು ಆರಿ ಗಾಯದ ಮೇಲೆ ಗಟ್ಟಿಯಾಗಿ ಕೂತಿತ್ತು. ಎಣ್ಣೆ ಬಿದ್ದರೆ ಬೊಬ್ಬೆ ಬರುತ್ತದೆ, ಬಿಳಿಯ ಗಟ್ಟಿ ಅಂಟು ಬರುವುದಿಲ್ಲ. ಅದನ್ನು ಕೀಳಬೇಕಿತ್ತು. ಅವಳಿಗೂ ಅರ್ಥವಾಯಿತು. ಸೆರಗು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡು ಅವಳ ಅಡುಗೆಮನೆಯಲ್ಲಿ ಗೋಡೆಗೊರಗಿ ಕೂತಳು. ನಾನು ಕೊಬ್ಬರಿ ಎಣ್ಣೆ ಹಚ್ಚಿ, ಅಂಚನ್ನು ಉಗುರಿನಿಂದ ಎಬ್ಬಿಸಿ ಎಳೆದೆ. ಅಂಟಿನ ಜೊತೆ ಚರ್ಮವೂ ಬಂತು. ಒಂದೇ ಸಲಕ್ಕೆ ಬರಲಿಲ್ಲ, ಮೂರು ಸಲ ಎಳೆಯಬೇಕಾಯಿತು. ಮೂರನೆಯ ಸಲ ಅವಳು ಕಾಲಿನಿಂದ ನನ್ನ ಹೊಟ್ಟೆಗೆ ಒದ್ದಳು. ಒದೆಸಿಕೊಂಡು ಕೆಲಸ ಮುಗಿಸಿದೆ. ಲೋಳೆಸರ ಹಚ್ಚಿ ಹಳೆಯ ಪಂಚೆಯ ಬಟ್ಟೆ ಕಟ್ಟಿದೆ. ನನ್ನ ಕೆನ್ನೆಯ ಗೀರಿಗೆ ಪೌಡರ್ ಮೆತ್ತಿಕೊಂಡೆ.

ಆಮೇಲೆ ಒಲೆ ಹಚ್ಚಿ ಬಾಣಲೆ ಇಟ್ಟೆವು. ಅವಳು ಒಂದೇ ಕೈಯಲ್ಲಿ ಕಜ್ಜಾಯ ತಟ್ಟಿ ಕೊಟ್ಟಳು, ನಾನು ಕರಿದೆ. ಸುಳ್ಳಿಗೆ ಸಾಕ್ಷಿ ಇರಲಿ ಎಂದು ಎರಡು ಸೌಟು ಎಣ್ಣೆಯನ್ನು ನಾನೇ ನೆಲಕ್ಕೆ ಚೆಲ್ಲಿದೆ. ಅವಳ ತೋರಣವನ್ನು ಬಾಗಿಲಿಗೆ ಕಟ್ಟಿದೆ. ನನ್ನದರ ಚೂರುಗಳನ್ನು ಒಲೆಗೆ ಹಾಕಿದೆ. ಫೋಮು ಸುಟ್ಟ ಕೆಟ್ಟ ವಾಸನೆ ಕಜ್ಜಾಯದ ವಾಸನೆಯೊಳಗೆ ಮುಚ್ಚಿಹೋಯಿತು. ಪಾಲಾದ ಮೇಲೆ ನಾವಿಬ್ಬರೂ ಒಂದೇ ಒಲೆಯ ಮುಂದೆ ಕೂತದ್ದು ಅದೇ ಮೊದಲು. ಒಬ್ಬರಿಗೊಬ್ಬರು ಕ್ಷಮಿಸು ಅನ್ನಲಿಲ್ಲ. ನನಗೆ ಅವಳ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಸಂಜೆ ಮೊದಲು ಮೈದುನ ಬಂದ. ಹಿಂದೆಯೇ ನನ್ನ ಗಂಡ ಬಂದು ಜಗಲಿಯ ಮೇಲೆ ಕೂತ. ಗೂಡಿಗೆ ಒಳ್ಳೆಯ ರೇಟು ಸಿಕ್ಕಿರಲಿಲ್ಲ ಎಂಬುದು ಇಬ್ಬರ ಮುಖದಲ್ಲೇ ಗೊತ್ತಾಗುತ್ತಿತ್ತು. ಮೈದುನ ನೀರು ಕುಡಿಯಲು ಅಡುಗೆಮನೆಗೆ ಹೋದವನು ನಾನು ಚೆಲ್ಲಿದ್ದ ಎಣ್ಣೆಯ ಮೇಲೆ ಕಾಲಿಟ್ಟು ಜಾರಿದ. ಬಾಗಿಲ ಚೌಕಟ್ಟು ಹಿಡಿದು ಸಾವರಿಸಿಕೊಂಡು ಹೆಂಡತಿಯ ಕೈ ನೋಡಿದ.

"ಏನಾಯ್ತು?"

"ಎಣ್ಣೆ ಸಿಡೀತು. ಬಾಣ್ಲಿ ವಾಲ್ಕಂತು."

"ಯಾರಾದ್ರೂ ಏನಾರ ಮಾಡುದ್ರಾ?" ಎಂದು ಕೇಳಿ ಅವನು ನನ್ನ ಕಡೆ ನೋಡಿದ.

"ಯಾರೇನ್ ಮಾಡ್ತಾರೆ? ನಂದೇ ತಪ್ಪು."

ತಪ್ಪು ಅವಳದೇ ಎಂದ ಮೇಲೆ ಅವನಿಗೆ ಯೋಚಿಸಲು ಏನೂ ಉಳಿಯಲಿಲ್ಲ. "ಹಬ್ಬದ್ ಎಣ್ಣೆ ನೆಲಕ್ಕೆ ಸುರೀತೀಯಾ? ಕಣ್ಣೆಲ್ಲಿ ಇಕ್ಕಂಡಿದ್ದೆ?" ಎಂದು ಕೆನ್ನೆಗೆ ಬಾರಿಸಿದ. ಅವಳ ತಲೆ ಗೋಡೆಗೆ ತಗುಲಿತು. ಬಿದ್ದಾಗ ನೆಲಕ್ಕೆ ಊರಿದ್ದು ಆ ಸುಟ್ಟ ಕೈಯನ್ನೇ. ಕಟ್ಟಿದ ಬಟ್ಟೆ ಕೆಂಪಾಯಿತು. ಅವನು ಇನ್ನೊಂದು ಏಟು ಹಾಕಿದ. ಜಗಲಿಯಿಂದ ನನ್ನ ಗಂಡ, "ಒಸಿ ಕಾಫಿ ಮಾಡಮ್ಮಿ," ಎಂದು ನನ್ನನ್ನು ಕೂಗಿದ.

ನಾನು ಅವರಿಬ್ಬರಿಂದ ಮೂರು ಹೆಜ್ಜೆ ದೂರದಲ್ಲಿ ಸೌಟು ಹಿಡಿದು ನಿಂತಿದ್ದೆ. ನೆಲದ ಮೇಲಿನ ಎಣ್ಣೆ ಆಮೇಲೆ ನನ್ನ ಸೌಟಿನಿಂದ ಚೆಲ್ಲಿದ್ದು ಎಂದಿದ್ದರೆ ಎರಡನೆಯ ಏಟು ಬೀಳುತ್ತಿರಲಿಲ್ಲ. ಅಷ್ಟು ಹೇಳಿದರೆ ಗನ್ನಿನ ವಿಷಯವೇನೂ ಹೊರಗೆ ಬರುತ್ತಿರಲಿಲ್ಲ, ಯಾರ ತಲೆಯೂ ಉರುಳುತ್ತಿರಲಿಲ್ಲ. ಅವಳು ನೆಲದಿಂದಲೇ ನನ್ನನ್ನು ನೋಡಿ, ಬೇಡ ಎಂದು ಸಣ್ಣಗೆ ತಲೆ ಅಲ್ಲಾಡಿಸಿದಳು. ನಾನು ಸುಮ್ಮನೆ ಹೋಗಿ ಕಾಫಿಗೆ ನೀರಿಟ್ಟೆ.

ಇದಾಗಿ ನಾಲ್ಕು ಶ್ರಾವಣ ಕಳೆದಿವೆ. ಮಚ್ಚುಗಳು ಅಟ್ಟದ ಮೇಲೇ ಇವೆ, ಗಂಡಸರಿಬ್ಬರೂ ಬದುಕಿದ್ದಾರೆ. ಈಗ ಅವಳು ಹಬ್ಬಕ್ಕೆ ಮುಂಚೆ ನನ್ನ ಅಡುಗೆಮನೆಗೆ ಬಂದು ಕೂರುತ್ತಾಳೆ. ಅವಳು ಎಲೆ ಕತ್ತರಿಸುತ್ತಾಳೆ, ನಾನು ಅಂಟಿಸುತ್ತೇನೆ. ವಾರಗಿತ್ತಿಯರು ಅಂದರೆ ಹೀಗಿರಬೇಕು ಎಂದು ಊರಿನವರು ಹೊಗಳುತ್ತಾರೆ. ಆವತ್ತು ನೀನು ಬಾಯಿ ಬಿಗಿಹಿಡಿದು ಮನೆ ಉಳಿಸಿದೆ ಅಕ್ಕ, ಎಂದು ಅವಳೇ ಒಮ್ಮೆ ಕಣ್ಣೊರೆಸಿಕೊಂಡಳು.

ಅವಳು ತಲೆ ಅಲ್ಲಾಡಿಸದಿದ್ದರೂ ನಾನು ಬಾಯಿ ಬಿಡುತ್ತಿರಲಿಲ್ಲ. ಮೊದಲ ಏಟಿನ ಸದ್ದು ಕೇಳಿದಾಗ ನನಗೆ ಆದದ್ದು ಸಂಕಟವಲ್ಲ, ಹಗುರ. ಅವಳನ್ನು ನೋಯಿಸಿದವಳು ಆವತ್ತು ನಾನೊಬ್ಬಳೇ ಅಲ್ಲವಲ್ಲ ಎನ್ನುವ ಹಗುರ. ಎರಡನೆಯ ಏಟಿಗೆ ನಾನು ಕಾದಿದ್ದೆ.