ಸಮ್ಮಟಿಗೆ ಹಿಡಿದ ದೊಡ್ಡಜ್ಜಿ

ನಮ್ಮ ತಾತ ಕಮ್ಮಾರ. ಹಿರಿಯರಿಗೆ ಬಹುವಚನ ಕೊಡಬೇಕು ಎನ್ನುತ್ತಾರೆ; ಅವನ ವಿಷಯದಲ್ಲಿ ನನ್ನ ಬಾಯಿಗೆ ಅದು ಬರುವುದಿಲ್ಲ. ಅವನು ಮಾಡಿದ ಕೊಡಲಿ, ಕುಡುಗೋಲುಗಳನ್ನು ಊರವರು ಇವತ್ತಿಗೂ ಹೊಗಳುತ್ತಾರೆ. ಹೊಗಳಲಿ. ಆದರೆ ಆ ಕಬ್ಬಿಣವನ್ನೆಲ್ಲ ಬಡಿದದ್ದು ಅವನ ಮೊದಲ ಹೆಂಡತಿ. ಅವಳನ್ನು ನಾವು ದೊಡ್ಡಜ್ಜಿ ಎನ್ನುತ್ತಿದ್ದೆವು.

ಹೆಣ್ಣು ನೋಡಲು ಹೋದ ಈ ಮಹಾನುಭಾವ ಮುಖ ನೋಡಲಿಲ್ಲವಂತೆ. ಬಾವಿಯಿಂದ ನೀರು ಸೇದಿಸಿ ತೋಳು ನೋಡಿದನಂತೆ. ಆಳಾದರೆ ಕೂಲಿ ಕೇಳುತ್ತಾನೆ, ಹೆಂಡತಿಗೆ ಊಟ ಹಾಕಿದರೆ ಮುಗಿಯಿತು. ಮದುವೆಯಾದ ವಾರದಲ್ಲೇ ಅವಳ ಕೈಗೆ ಸಮ್ಮಟಿಗೆ ಬಂತು. ತಾತ ಕೆಂಪಗೆ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು, ಏಟು ಎಲ್ಲಿ ಬೀಳಬೇಕೆಂದು ಸಣ್ಣ ಸುತ್ತಿಗೆಯಿಂದ ತಟ್ಟಿ ತೋರಿಸುವುದು. ಅವಳು ಆ ಭಾರದ ಸಮ್ಮಟಿಗೆಯನ್ನು ತಲೆಯ ಮೇಲಕ್ಕೆತ್ತಿ ಅಲ್ಲೇ ಬಡಿಯುವುದು. ಬೆಳಗಿನಿಂದ ಸಂಜೆಯವರೆಗೆ ಇದೇ ಸಂಸಾರ.

ಅವಳಿಗೆ ಬೇಕಾಗಿದ್ದದ್ದು ಒಂದು ಮಗು. ಮೂರು ಸಲ ಬಸುರಾದಳು, ಒಂದೂ ನಿಲ್ಲಲಿಲ್ಲ. ಮೂರನೆಯದು ಕುಲುಮೆಯ ಮುಂದೆಯೇ ಹೋಯಿತು. ತಾತ ನೆಲದ ಮೇಲೆ ಬೂದಿ ಚೆಲ್ಲಿ ಗುಡಿಸಿದ. ಮಾರನೆಯ ದಿನವೇ ಅವಳನ್ನು ಮತ್ತೆ ಕೆಲಸಕ್ಕೆ ನಿಲ್ಲಿಸಿದ.

"ಹೊಟ್ಟೆ ಸರಿ ಇಲ್ದಿದ್ರೇನು, ಕೈ ನೆಟ್ಟಗಿದೆಯಲ್ಲ" ಎಂದನಂತೆ.

ಕೊಡಲಿ ಮಾಡಿಸಲು ಬಂದವರ ಎದುರಿಗೇ ಬಂಜೆ ಎಂದ. ಅವಳು ಅದನ್ನು ನಂಬಿದಳು, ತಪ್ಪೆಲ್ಲ ತನ್ನದೇ ಎಂದು ತಲೆ ತಗ್ಗಿಸಿದಳು. ಅದಕ್ಕೇ ನನಗೆ ಮೈ ಉರಿಯುವುದು. ತಾತ ಇನ್ನೊಂದು ಮದುವೆಯ ಮಾತೆತ್ತಿದಾಗ ಅವಳೇ ತವರಿಗೆ ಹೋಗಿ, ತಂಗಿಯ ಕೈಕಾಲು ಹಿಡಿದು ಒಪ್ಪಿಸಿ ಕರೆತಂದಳು. ತಂಗಿಯ ಮಗುವಾದರೆ ತನ್ನ ಮಡಿಲಿಗೂ ಬರುತ್ತದೆ ಎಂಬ ಆಸೆ.

ಆ ತಂಗಿಯೇ ನನ್ನ ಸ್ವಂತ ಅಜ್ಜಿ. ಇದನ್ನೆಲ್ಲ ನನಗೆ ಹೇಳಿದವಳೂ ಅವಳೇ.

ವರ್ಷ ತುಂಬುವುದರೊಳಗೆ ಅಜ್ಜಿ ಬಸುರಾದಳು. ಒಂದು ದಿನ ಅಕ್ಕ ಜ್ವರದಿಂದ ಮಲಗಿದ್ದಾಳೆ, ಕೆಲಸ ನಿಲ್ಲಬಾರದು ಎಂದು ತಾನೇ ಹೋಗಿ ಸಮ್ಮಟಿಗೆಗೆ ಕೈ ಹಾಕಿದಳು. ತಾತ ಇಕ್ಕಳ ಬಿಸಾಡಿ ಬಂದು ಅದನ್ನು ಕಿತ್ತುಕೊಂಡ.

"ಬುದ್ಧಿ ಇದೆಯಾ ನಿಂಗೆ? ಬಸುರಿ ಇದನ್ನ ಎತ್ತಿದ್ರೆ ಮಗು ಉಳಿಯುತ್ತಾ?"

ಗದ್ದಲ ಕೇಳಿ ಎದ್ದು ಬಂದಿದ್ದ ದೊಡ್ಡಜ್ಜಿ ಬಾಗಿಲಲ್ಲಿ ನಿಂತಿದ್ದಳು.

"ಹಾಗಾದ್ರೆ ನಿಮಗೆ ಗೊತ್ತಿತ್ತು" ಎಂದಳು.

ಒಂದು ಸುಳ್ಳನ್ನಾದರೂ ಹೇಳಬಹುದಿತ್ತು ಆ ಪಾಪಿ. ಅಷ್ಟು ಕನಿಕರವೂ ಬರಲಿಲ್ಲ.

"ಗೊತ್ತಿದ್ರೇನು ಮಾಡ್ಲಿ? ಆಗ ಹೊಡೆಯೋಕೆ ಬೇರೆ ಯಾರಿದ್ರು? ಈಗ ನೀನಿದ್ದೀಯ. ಬಾ, ಕಬ್ಬಿಣ ಆರ್ತಾ ಇದೆ."

ಅವಳು ತಂಗಿಯನ್ನು ಒಳಗೆ ಕಳಿಸಿ, ಜ್ವರದ ಮೈಯಲ್ಲೇ ಬಂದು ಬಡಿದಳು. ಹೆರಿಗೆಯಾಗುವವರೆಗೂ ಇಬ್ಬರ ಕೆಲಸವನ್ನೂ ಒಬ್ಬಳೇ ಮಾಡಿದಳು.

ಹುಟ್ಟಿದವನು ನಮ್ಮಪ್ಪ. ಅಳು ಕೇಳಿದ ಕೂಡಲೇ ದೊಡ್ಡಜ್ಜಿ ಕುಲುಮೆಯಿಂದ ಓಡಿ ಬಂದು ಕೈ ಚಾಚಿದಳು. ತಾತ ಮಗುವನ್ನು ಆಚೆ ತಿರುಗಿಸಿಕೊಂಡ.

"ಮೂರು ಕಳ್ಕೊಂಡ ಕೈ ಅದು, ಇದನ್ನ ಮುಟ್ಟಬೇಡ" ಎಂದ.