ಹೊರಗೆ ಲೆನ್ಸು, ಒಳಗೆ ಸೋಡಾಬುಡ್ಡಿ

ನಮ್ಮ ಅತ್ತಿಗೆ ವತ್ಫಾಗೆ ದೇವರು ಹದ್ದಿನ ಕಣ್ಣು ಕೊಟ್ಟಿದ್ದಾನೆ. ಸಾಲ್ಟ್ ಊರಿನ ಈ ಗುಡ್ಡದ ತಾರಸಿಯಲ್ಲಿ ನಿಂತು, ಎದುರು ಗುಡ್ಡದಲ್ಲಿ ಯಾರ ಮನೆಯ ಪರದೆ ನೀರು ಕಂಡು ಎಷ್ಟು ಕಾಲವಾಯಿತು ಎಂದು ಹೇಳಬಲ್ಲಳು. ಇಂಥವಳು ಬಂದು ಸೇರಿದ್ದು ನಮ್ಮ ವಂಶಕ್ಕೆ. ಅಪ್ಪನಿಗೆ ಸೋಡಾಬುಡ್ಡಿ, ನನಗೆ ಸೋಡಾಬುಡ್ಡಿ. ಅಣ್ಣ ಮಿಫ್ಲಿಹ್‌ನದಂತೂ ಬಾಟಲಿಯ ತಳವನ್ನೇ ಕೊಯ್ದು ಕೂರಿಸಿದ ಹಾಗಿದೆ.

ವತ್ಫಾಳನ್ನು ಕೇಳಲು ಹೋದ ದಿನ ನಮ್ಮಮ್ಮ ಅಣ್ಣನ ಕನ್ನಡಕ ಕಿತ್ತು ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಮದುವೆ ಮುಗಿಯುವವರೆಗೂ ಅದನ್ನು ಹೊರಗೆ ತೆಗೆಯಲಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ; ನಮ್ಮಮ್ಮ ಒಂದೇ ಸುಳ್ಳಿನಲ್ಲಿ ಕೆಲಸ ಮುಗಿಸಿದಳು. ಅತ್ತಿಗೆಗೆ ಆ ಸಿಟ್ಟು ಇವತ್ತಿಗೂ ಆರಿಲ್ಲ. ಜಗಳ ಎಲ್ಲಿಂದಲಾದರೂ ಶುರುವಾಗಲಿ, ಬಂದು ನಿಲ್ಲುವುದು ಒಂದೇ ಕಡೆ: "ನಿಮ್ಮಮ್ಮ ನನಗೆ ಕುರುಡನ್ನ ಗಂಟು ಹಾಕಿದ್ರು!"

ಹುಟ್ಟಿದ ಮಕ್ಕಳಿಗೆಲ್ಲ ನಮ್ಮ ಕಡೆಯ ಕಣ್ಣೇ ಬಂತು. ಆಗ ಅತ್ತಿಗೆ ಮನೆಗೊಂದು ಕಾನೂನು ಮಾಡಿದಳು. ಗಂಡುಮಕ್ಕಳಿಗೆ ಕನ್ನಡಕ, ಹೆಣ್ಣುಮಕ್ಕಳಿಗೆ ಲೆನ್ಸು. ಯಾಕೆ ಅಂತ ಕೇಳಿದ್ದಕ್ಕೆ, "ಗಂಡು ಕನ್ನಡಕ ಹಾಕಿದ್ರೆ ಡಾಕ್ಟರ್ ತರ ಕಾಣ್ತಾನೆ. ಹೆಣ್ಣು ಹಾಕಿದ್ರೆ ನಿನ್ನ ತರ ಕಾಣ್ತಾಳೆ," ಅಂದಳು. ಮದುವೆಯಿಲ್ಲದೆ ಅಣ್ಣನ ಮನೆಯಲ್ಲೇ ಉಳಿದ ನಾದಿನಿಗೆ ಹೇಳುವ ಮಾತೇ ಇದು! ಅವತ್ತಿನ ಊಟದಲ್ಲಿ ನಾನೂ ಅವಳ ಅಡುಗೆಯ ಬಗ್ಗೆ ಎರಡು ಮಾತಾಡಿ ಲೆಕ್ಕ ಸರಿಮಾಡಿಕೊಂಡೆ.

ದೊಡ್ಡ ಮಗಳು ರುದೈನಾಗೆ ತಂದದ್ದು ಬರೀ ಲೆನ್ಸಲ್ಲ, ಹಸಿರು ಲೆನ್ಸು. "ಹಾಕೋದು ಹೇಗೂ ಹಾಕ್ತೀವಿ, ಬಣ್ಣದ್ದೇ ಹಾಕಿದ್ರೆ ಏನು ಗಂಟು ಹೋಗುತ್ತೆ?" ಎನ್ನುವುದು ಅತ್ತಿಗೆಯ ವಾದ. ಹುಡುಗಿ ಹೊರಗೆ ಹೋಗುವಾಗ ಹಸಿರು ಕಣ್ಣು, ಒಳಗೆ ಬಂದ ಕೂಡಲೇ ಕಂದು ಕಣ್ಣು, ಅದರ ಮೇಲೆ ಸೋಡಾಬುಡ್ಡಿ. ಅತ್ತಿಗೆ ಅಣ್ಣನಿಗೂ ಒಮ್ಮೆ ಲೆನ್ಸು ಹಾಕಿಸಲು ಹೋದಳು. ಅವನದು ಪೇಟೆಯಲ್ಲಿ ಮಸಾಲೆ ಅಂಗಡಿ. ಮೆಣಸಿನ ಪುಡಿ ಅಳೆದ ಕೈಯಲ್ಲೇ ಕಣ್ಣಿಗೆ ಲೆನ್ಸು ಇಟ್ಟುಕೊಂಡ. ಆಮೇಲೆ ಅವನು ಹಾಕಿದ ಕೂಗಿಗೆ ಎದುರು ಗುಡ್ಡದವರು ಬಾಗಿಲು ತೆರೆದು ನೋಡಿದರು.

ಹಸಿರು ಕಣ್ಣು ತನ್ನ ಕೆಲಸ ಮಾಡಿತು. ರುದೈನಾಳ ಗೆಳತಿಯೊಬ್ಬಳ ಮದುವೆಯಲ್ಲಿ ಆ ಗೆಳತಿಯ ಅಣ್ಣ ಹಾಯಿಲ್ ಇವಳನ್ನು ನೋಡಿ ಮೆಚ್ಚಿದ. ಮಾದಬಾ ಊರಿನ ಒಳ್ಳೆಯ ಮನೆತನ. ಹುಡುಗ ಮೇಷ್ಟ್ರು, ಮಾತು ಕಡಿಮೆ. ನಮ್ಮ ಹುಡುಗಿಗೂ ಅವನೆಂದರೆ ಜೀವ. ಹಾಯಿಲ್‌ನ ತಾಯಿ ಆಗಲೇ ಮಾದಬಾ ತುಂಬ ಸಾರಿಕೊಂಡು ಬಂದಿದ್ದಳು, "ನನ್ನ ಸೊಸೆಗೆ ಹಸಿರು ಕಣ್ಣು" ಅಂತ. ಹುಡುಗನ ಕಡೆಯ ಹಿರಿಯರು ಜಾಹಾ ಅಂತ ಗುಂಪು ಕಟ್ಟಿಕೊಂಡು ಹೆಣ್ಣು ಕೇಳಲು ಬರುವ ದಿನವೂ ಗೊತ್ತಾಯಿತು.

ಅಷ್ಟರಲ್ಲಿ ಮರಳುಗಾಳಿ ಎದ್ದಿತು. ಧೂಳು ಬಿದ್ದ ಕಣ್ಣಿನಲ್ಲೇ ಲೆನ್ಸು ಇಟ್ಟುಕೊಂಡು ಮಲಗಿದ್ದಳು ರುದೈನಾ. ಬೆಳಿಗ್ಗೆ ನೋಡಿದರೆ ಎರಡು ಕಣ್ಣೂ ಹಣ್ಣು ಟೊಮೇಟೊ. ಕಣ್ಣಿನ ಡಾಕ್ಟರು ಬೈದು ಕಳಿಸಿದರು: ಹುಣ್ಣಾಗಿದೆ, ಇನ್ನು ಕೆಲವು ತಿಂಗಳು ಕನ್ನಡಕವೇ ಗತಿ, ಲೆನ್ಸು ಮುಟ್ಟಿದರೆ ದೃಷ್ಟಿಯೇ ಹೋದೀತು.

"ಅಮ್ಮಾ, ಅವರಿಗೆ ಈಗ್ಲೇ ಹೇಳಿಬಿಡೋಣ," ಎಂದು ಹುಡುಗಿ ಅತ್ತಳು. "ಬೇಡ ಅಂದ್ರೆ ಈಗ್ಲೇ ಅನ್ಲಿ. ಮದುವೆ ಆದ್ಮೇಲೆ ಮೋಸ ಅಂತ ಅಂದ್ರೆ ನಾನು ಬದುಕೋದು ಹೇಗೆ?"

"ಬಾಯಿ ಮುಚ್ಚು! ಜಾಹಾಗೆ ಬರೋರು ಬರೀ ಗಂಡಸರು. ನೀನು ಅಡುಗೆಮನೇಲಿ ಇರು. ಯಾರು ನೋಡ್ತಾರೆ?" ಎಂದ ಅತ್ತಿಗೆ ಗಂಡನ ಕಡೆ ತಿರುಗಿದಳು. "ರೀ, ನೀವೂ ಅವತ್ತು ಕನ್ನಡಕ ಹಾಕ್ಕೊಳ್ಳೋ ಹಾಗಿಲ್ಲ. ಅಪ್ಪನ ಮೂಗಿನ ಮೇಲೆ ಅಷ್ಟು ದಪ್ಪ ಗಾಜು ನೋಡಿದ್ರೆ ಮಗಳ ಕಣ್ಣಿನ ಮೇಲೂ ಅನುಮಾನ ಬರುತ್ತೆ."

"ಅಲ್ವೇ, ನನಗೆ ಯಾರೂ ಕಾಣಲ್ವಲ್ಲೇ," ಎಂದ ಅಣ್ಣ.

"ಕಾಣೋದೇನು ಬೇಕು? ಬಿಳಿ ಪೇಟ ಸುತ್ಕೊಂಡು ನಿಂತು ಮಾತಾಡೋನೇ ಹಿರಿಯ. ಅವನು ಮಾತು ಮುಗಿಸಿದ ಕೂಡ್ಲೇ 'ನಿಮ್ಮ ಕಾಫಿ ಕುಡೀರಿ' ಅನ್ನಿ. ಮುಗೀತು."

ನಮ್ಮಮ್ಮ ಸತ್ತು ಮಣ್ಣು ಸೇರಿದ್ದಾಳೆ; ಇಲ್ಲದಿದ್ದರೆ ಸೊಸೆಯ ಬೆನ್ನು ತಟ್ಟುತ್ತಿದ್ದಳು.

ಹೆಣ್ಣು ಕೇಳಲು ಬಂದ ಹಿರಿಯನ ಮುಂದೆ ಕಾಫಿ ಬಟ್ಟಲು ಇಟ್ಟರೆ ಅವನು ಅದನ್ನು ಮುಟ್ಟುವುದಿಲ್ಲ. ತಂದೆ "ಕುಡೀರಿ" ಅಂದರೆ ಹೆಣ್ಣು ಕೊಟ್ಟ ಹಾಗೆ. ಕುಡಿಯದೆ ಎದ್ದು ಹೋದರೆ ಎರಡು ಮನೆಗೂ ತಲೆ ಎತ್ತಿ ತಿರುಗಲಾಗದ ಅವಮಾನ.

ಆ ದಿನ ಹಜಾರ ತುಂಬ ಗಂಡಸರು. ಒಳಬಾಗಿಲ ಸಂದಿಯಲ್ಲಿ ಅತ್ತಿಗೆ, ನಾನು, ಕನ್ನಡಕ ಹಾಕಿದ ರುದೈನಾ. ಅಣ್ಣ ಕನ್ನಡಕವಿಲ್ಲದೆ ನಡುವೆ ಕೂತು ಗೋಡೆಗೆಲ್ಲ ನಗುತ್ತಿದ್ದ. ಮಾದಬಾದ ಹಿರಿಯ ಹಾಜಿ ಫಂದಿ ಎದುರಿಗೇ ಇದ್ದ. ಆದರೆ ಅವನಿಗೆ ಮಂಡಿನೋವು. ಏಳಲಾರದೆ ಕೂತೇ ಮಾತಾಡಿದ. ಎರಡು ಮನೆತನಗಳನ್ನು ಹೊಗಳಿ, ಹಾಯಿಲ್‌ಗೆ ರುದೈನಾಳನ್ನು ಕೇಳಿ ಮಾತು ಮುಗಿಸಿದ. ಅಣ್ಣ ಎದ್ದ. ನಿಂತಿದ್ದ ಬಿಳಿ ಪೇಟವನ್ನು ಹುಡುಕಿದ. ಇಡೀ ಹಜಾರದಲ್ಲಿ ನಿಂತಿದ್ದ ಬಿಳಿ ಪೇಟ ಒಂದೇ ಒಂದು: ಕಾಫಿ ಹಂಚಲು ಕೂಲಿಗೆ ಕರೆಸಿದ್ದ ಅಬೂ ಗಾಲಿಬ್.

ಅಣ್ಣ ಅವನ ಮುಂದೆ ಹೋಗಿ ಎದೆಯ ಮೇಲೆ ಕೈಯಿಟ್ಟು, "ನಿಮ್ಮಂಥ ದೊಡ್ಡವರು ನಮ್ಮ ಮನೆಗೆ ಬಂದದ್ದೇ ನಮ್ಮ ಪುಣ್ಯ. ಕೇಳಿದ್ದು ಕೊಟ್ಟಿದೀನಿ. ನಿಮ್ಮ ಕಾಫಿ ಕುಡೀರಿ!" ಅಂದ.

ಮನೆಯ ಯಜಮಾನ ಕುಡಿ ಅಂದಮೇಲೆ ಅಬೂ ಗಾಲಿಬ್ ತಾನೇ ಏನು ಮಾಡಿಯಾನು? ಬಟ್ಟಲಿಗೆ ಬಗ್ಗಿಸಿಕೊಂಡು ಗಟಗಟ ಕುಡಿದ. ಕುಡಿದಮೇಲೆ ಅವನಿಗೆ ಹೊಳೆಯಿತು. "ಅಯ್ಯೋ ಯಜಮಾನ್ರೇ, ನಂಗೆ ಹೆಂಡ್ತಿ ಇದಾಳೆ!" ಎಂದು ಕಾಫಿಪಾತ್ರೆ ಸಮೇತ ಎರಡು ಹೆಜ್ಜೆ ಹಿಂದೆ ಹಾರಿದ.

ಅಲ್ಲಲ್ಲಿ ನಗು ಒಡೆಯಿತು. ಹಾಜಿ ಫಂದಿ ಮಾತ್ರ ನಗಲಿಲ್ಲ. ಅವನ ಬಟ್ಟಲು ಮುಂದೆಯೇ ಆರುತ್ತಿತ್ತು. "ಕಾಫಿ ಕೊಡೋನಿಗಿಂತ ಕಡೆಯಾದ್ವಾ ನಾವು?" ಎಂದು ಮಂಡಿ ಹಿಡಿದು ಏಳತೊಡಗಿದ. ಅವನ ಪಕ್ಕದವರೂ ಎದ್ದರು. ಹಾಯಿಲ್‌ನ ಮುಖ ಬಿಳಚಿಕೊಂಡಿತು. ನನ್ನ ಪಕ್ಕದಲ್ಲಿ ಅತ್ತಿಗೆ ಬಾಯಿಗೆ ತಲೆವಸ್ತ್ರದ ತುದಿ ತುರುಕಿಕೊಂಡಳು. ಅಷ್ಟು ದೂರ ಕಾಣುವವಳಿಗೆ ಇದು ಕಂಡಿರಲಿಲ್ಲ.

ಏಳುತ್ತಿದ್ದವರ ನಡುವೆ ಬಾಗಿಲು ದೂಡಿಕೊಂಡು ಹೋದವಳು ರುದೈನಾ. ನಾನು ತಡೆಯಲಿಲ್ಲ, ತಡೆಯುವ ಮನಸ್ಸೂ ಇರಲಿಲ್ಲ. ಕೆಂಪು ಕಣ್ಣು, ಅದರ ಮೇಲೆ ಸೋಡಾಬುಡ್ಡಿ, ಕೈಯಲ್ಲಿ ಅಪ್ಪನ ಕನ್ನಡಕ. ಅಷ್ಟು ಗಂಡಸರ ಎದುರು ಅದನ್ನು ಅಪ್ಪನ ಮೂಗಿಗೆ ಏರಿಸಿ, "ಅಪ್ಪಾ, ಈಗ ನೋಡಿ ಹೇಳಿ," ಅಂದಳು. ಆಮೇಲೆ ಹಾಯಿಲ್ ಕಡೆ ತಿರುಗಿ, "ಹಸಿರು ಕಣ್ಣು ಒಳಗೆ ಡಬ್ಬಿಯಲ್ಲಿದೆ. ನನ್ನವು ಇವು," ಅಂದಳು.

ಅಣ್ಣ ಹಜಾರವನ್ನೆಲ್ಲ ಒಮ್ಮೆ ಕಣ್ತುಂಬ ನೋಡಿದ. ಹೆಂಡತಿಯ ಮುಂದೆ ಒಂದು ದಿನವೂ ದನಿ ಎತ್ತದ ನನ್ನಣ್ಣ ಹಾಜಿಯ ಮುಂದೆ ಹೋಗಿ ನಿಂತ.

"ಹಾಜಿಯವರೇ, ತಪ್ಪಾಯ್ತು. ನನ್ನ ಮದುವೇಲೂ ನನ್ನ ಕನ್ನಡಕ ಬಚ್ಚಿಟ್ಟಿದ್ರು. ಹೆಂಡ್ತಿ ಮುಖ ನಾನು ನೋಡಿದ್ದು ಮಾರನೇ ದಿನ ಬೆಳಿಗ್ಗೆ. ಈ ಮಕ್ಕಳಿಗೆ ಅದು ಬೇಡ. ಕನ್ನಡಕದ ಹುಡುಗಿ ಬೇಕಾದ್ರೆ ನಿಮ್ಮ ಕಾಫಿ ಕುಡೀರಿ. ಹಸಿರು ಕಣ್ಣೇ ಬೇಕಾದ್ರೆ ಪೇಟೇಲಿ ಅಂಗಡಿ ಇದೆ, ನಾನೇ ತೋರಿಸ್ತೀನಿ."

ಹಾಜಿ ಫಂದಿ ಹಾಯಿಲ್‌ನ ಮುಖ ನೋಡಿದ. ಮಾತು ಕಡಿಮೆಯ ಹುಡುಗ ಬಗ್ಗಿ ಆರಿದ ಬಟ್ಟಲನ್ನು ಎತ್ತಿ ಹಿರಿಯನ ಕೈಗೆ ಕೊಟ್ಟ. ಹಾಜಿ ಮುಖ ಕಿವುಚಿಕೊಂಡು ಒಂದೇ ಗುಟುಕಿಗೆ ಕುಡಿದ. "ತಣ್ಣಗಾಗಿದೆ," ಎಂದು ಗೊಣಗಿ ಮತ್ತೆ ಕೂತ. ನಾನು ಅಲ್ಲೇ ಗಟ್ಟಿಯಾಗಿ ಅತ್ತುಬಿಟ್ಟೆ, ನಾಚಿಕೆಯೇನೂ ಆಗಲಿಲ್ಲ.

ಮಾದಬಾದವರು ಹೊರಟ ಮೇಲೆ ಅತ್ತಿಗೆ ಬಟ್ಟಲುಗಳನ್ನು ಕುಕ್ಕಿ ಕುಕ್ಕಿ ತೊಳೆದಳು. ಅಷ್ಟು ಜನರ ಮುಂದೆ ಹಳೇ ಕಥೆ ಬಿಚ್ಚಿದ್ದಕ್ಕೆ ಸಿಟ್ಟು. ಕೊನೆಗೆ ಕೈ ಒರೆಸಿಕೊಂಡು ಅಣ್ಣನ ಮುಂದೆ ಬಂದು ನಿಂತಳು.

"ಮಾರನೇ ದಿನ ನೋಡಿದ್ರಂತಲ್ಲ. ನೋಡಿ? ಏನನ್ನಿಸ್ತು?"

ನಾನು ಮಸೂರಬೇಳೆ ಆರಿಸುತ್ತ ಕಿವಿ ಚುರುಕು ಮಾಡಿದೆ. ಅಣ್ಣ ಮೂಗಿನ ಮೇಲಿನ ಕನ್ನಡಕ ಮುಟ್ಟಿ ತೋರಿಸಿದ.

"ಅವತ್ತು ಹಾಕ್ಕೊಂಡಿದ್ದು," ಅಂದ. "ಮಲಗೋವಾಗ ಬಿಟ್ರೆ ಆಮೇಲೆ ನಾನಾಗಿ ಯಾವತ್ತೂ ತೆಗೆದಿಲ್ಲ ಕಣೇ. ಇವತ್ತೂ ನೀನೇ ತೆಗೆಸಿದ್ದು."

"ಕೊಡಿ ಇಲ್ಲಿ, ಥೂ, ಎಷ್ಟು ಕೊಳೆ!" ಎಂದು ಅತ್ತಿಗೆ ಅವನ ಮೂಗಿನಿಂದ ಕನ್ನಡಕ ಕಿತ್ತುಕೊಂಡು, ನಮಗೆ ಬೆನ್ನು ಹಾಕಿ ನಿಂತು, ಬಹಳ ಹೊತ್ತು ಒರೆಸಿದಳು.