ನೆಲಮಾಳಿಗೆಯ ಟೆಸ್ಟರ್ ಅಕ್ಕ

ಬೆಳಕು ಈಗಷ್ಟೇ ಹರಿಯುತ್ತಿದೆ. ನೆಲಮಾಳಿಗೆಯ ಕೊನೆಯ ಮೆಟ್ಟಿಲ ಮೇಲೆ ಟಾರ್ಚ್ ಹಿಡಿದು ನಿಂತಿರುವ ಎಲೆಕ್ಟ್ರಿಷಿಯನ್ನರನ್ನು ಈ ಬೀದಿಯವರೆಲ್ಲ ಕರೆಯುವುದು ಟೆಸ್ಟರ್ ಅಕ್ಕ ಎಂದೇ. ಕೆಳಗೆ ತೆಳ್ಳಗೆ ನೀರು ನಿಂತಿದೆ. ಮೂಲೆಯಲ್ಲಿ ವಾಷಿಂಗ್ ಮೆಷಿನ್. ಮನೆಯ ಹಿರಿಯಮ್ಮ ಬಕೆಟ್ ತರಲು ಬರಿಗಾಲಲ್ಲೇ ಇಳಿದು ಬರುತ್ತಾರೆ.

"ಅಮ್ಮಾ, ಅಲ್ಲೇ ನಿಲ್ಲಿ! ನೀರಿಗೆ ಕಾಲಿಡ್ಬೇಡಿ."

"ದಿನಾ ಓಡಾಡೋ ಜಾಗ ಕಣಮ್ಮ. ಮೆಷಿನ್ ಮುಟ್ಟಿದ್ರೆ ಒಂಚೂರು ಜುಮ್ ಅನ್ನುತ್ತೆ, ಅಷ್ಟೆ. ವಯಸ್ಸಾಯ್ತಲ್ಲ, ನರ ಸೋತಿರ್ಬೇಕು ಅಂದ್ಕೊಂಡಿದ್ದೆ."

ಅಕ್ಕನ ಹಿಂದೆ ಮೆಟ್ಟಿಲ ಮೇಲೆ ನಿಂತಿರುವ ಪಕ್ಕದ ಮನೆಯ ನಾನು, ಗೋಡೆಗೆ ಆನಿಸಿದ್ದ ಕೈ ಹಿಂತೆಗೆಯುತ್ತೇನೆ. ನನ್ನಜ್ಜಿಯ ಕಥೆಗಳಲ್ಲಿ ನೆಲಮಾಳಿಗೆ ಎಂದರೆ ಸರ್ಪವೊಂದು ಇದ್ದೇ ಇರುತ್ತಿತ್ತು. ಆದರೆ ಅದು ಬುಸುಗುಟ್ಟಿ ಎಚ್ಚರಿಸುತ್ತಿತ್ತು. ಈ ಗೋಡೆಯೊಳಗಿನ ಸರ್ಪಕ್ಕೆ ಸದ್ದೇ ಇಲ್ಲ.

ಅಕ್ಕ ಮೇಲೆ ಹೋಗಿ ಮೇನ್ ಸ್ವಿಚ್ ಆರಿಸುತ್ತಾರೆ. ಆರಿಸಿದ ಮೇಲೂ ನಂಬುವುದಿಲ್ಲ. ರಬ್ಬರ್ ಬೂಟು ತೊಟ್ಟು ಇಳಿದು, ಟೆಸ್ಟರಿನ ದೀಪ ಹತ್ತಲಿಲ್ಲ ಎಂದು ಖಾತ್ರಿಯಾದ ಮೇಲೆಯೇ ಪ್ಲಗ್ ಪಾಯಿಂಟ್ ಬಿಚ್ಚುತ್ತಾರೆ. ಅದು ನೆಲದಿಂದ ಗೇಣು ಮೇಲಿದೆ, ಹಸಿ ಗೋಡೆಯಲ್ಲಿ. ಒಳಗಿನ ತಾಮ್ರ ಹಸಿರುಗಟ್ಟಿದೆ. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ತಂತಿ ಕಳಚಿ ನೇತಾಡುತ್ತಿದೆ. ಕರೆಂಟು ಸೋರಿದರೆ ತಾನಾಗಿ ಕೆಳಗೆ ಬಿದ್ದು ಸಂಪರ್ಕ ಕಡಿಯಬೇಕಾದ ಟ್ರಿಪ್ ಸ್ವಿಚ್ಚನ್ನು ಬದಿಗಿಟ್ಟು ಯಾರೋ ತಂತಿಗಳನ್ನು ನೇರವಾಗಿ ಜೋಡಿಸಿದ್ದಾರೆ.

"ಇದ್ಯಾರ ಕೆಲಸ?"

"ನಂದೇ," ಎನ್ನುತ್ತಾರೆ ಮೆಟ್ಟಿಲಿಳಿದು ಬಂದ ಮನೆಯ ಅಳಿಯ. "ಮೆಷಿನ್ ಹಾಕಿದಾಗಲೆಲ್ಲ ಬೀಳ್ತಿತ್ತು. ಒಂದೇ ರಗಳೆ."

"ನಮ್ಮ ಅಳಿಯಂದ್ರು ಬಲು ಜಾಣರು. ಅಲಾರಂ ಹೊಡ್ಕೊಂಡ್ರೆ ಅದನ್ನೇ ಬಾವಿಗೆ ಹಾಕೋರು," ಹಿರಿಯಮ್ಮ ಚುಚ್ಚುತ್ತಾರೆ.

ಅಕ್ಕ ನಗುವುದಿಲ್ಲ. "ಕರೆಂಟು ಸೋರ್ತಿದೆ, ಮುಟ್ಬೇಡಿ ಅಂತ ಪ್ರತಿ ಸಲ ಹೇಳ್ತಿತ್ತು ಸಾರ್. ನೀವು ಅದರ ಬಾಯಿ ಮುಚ್ಚಿಸಿದ್ರಿ."

ಅಳಿಯನ ಕಣ್ಣು ಅತ್ತೆಯ ಬರಿಗಾಲಿನ ಮೇಲೆ ನೆಟ್ಟಿದೆ.

ಅಕ್ಕನಿಗೆ ಈ ಕೆಲಸ ಕಲಿಸಿದವರು ಅವರ ಅಣ್ಣ. ಹಿಂದೊಮ್ಮೆ ಇಂಥದೇ ನೆಲಮಾಳಿಗೆಯಲ್ಲಿ ಅವರು ಒದ್ದೆ ತಂತಿ ಹಿಡಿದರು. "ಬಿಡು ಅಣ್ಣ ಅಂತ ಕೂಗಿದೆ. ಬಿಡೋಕೆ ಆಗ್ಬೇಕಲ್ಲ, ಕೈ ಕಚ್ಕೊಂಡ್ಬಿಟ್ಟಿತ್ತು. ಒಣಗಿದ ಮರದ ಏಣೀಲಿ ತಳ್ಳಿದೆ," ಎನ್ನುತ್ತಾರೆ ಅಕ್ಕ. ಅಣ್ಣ ಉಳಿದರು. ಅವರ ಬಲಗೈ ಬೆರಳುಗಳು ಇಂದಿಗೂ ಮಡಚುವುದಿಲ್ಲ. ಅಂದು ಅಕ್ಕನ ಹೆಗಲೇರಿದ ಉಪಕರಣಗಳ ಚೀಲ ಇನ್ನೂ ಇಳಿದಿಲ್ಲ.

ಮಧ್ಯಾಹ್ನದ ಹೊತ್ತಿಗೆ ನೀರು ಬಳಿದಾಗಿದೆ. ಒಣ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಹೊಸ ಪಾಯಿಂಟ್, ಹೊಸ ಅರ್ಥಿಂಗ್. ಟ್ರಿಪ್ ಸ್ವಿಚ್ ಮರಳಿ ತನ್ನ ಜಾಗಕ್ಕೆ ಬಂದಿದೆ. ಅಕ್ಕ ಮೇನ್ ಹಾಕಿ ಬಂದು, ಅದು ಬೀಳುತ್ತದೆಯೇ ಎಂದು ನೋಡಲು ಅದರ ಟೆಸ್ಟ್ ಗುಂಡಿ ಒತ್ತುತ್ತಾರೆ.

ಬೀಳುವುದಿಲ್ಲ.

ಮತ್ತೆ ಒತ್ತುತ್ತಾರೆ. ಇಲ್ಲ.

"ಬಟ್ಟೆ ರಾಶಿ ಬಿದ್ದಿದೆ. ಇವತ್ತೊಂದಿನ ಮೆಷಿನ್ ಹಾಕ್ಕೊಳ್ಲಾ ತಾಯಿ?" ಎನ್ನುತ್ತಾರೆ ಹಿರಿಯಮ್ಮ.

"ಬೇಡಮ್ಮ. ಇದು ಬೀಳೋವರೆಗೂ ನಾನು ಮನೆಗೆ ಹೋಗಲ್ಲ."

ಬಳಸದೆ ಬದಿಗಿಟ್ಟಿದ್ದ ಹಳೆಯ ಸ್ವಿಚ್ ಒಳಗೇ ಜಡ್ಡುಗಟ್ಟಿದೆ. ಅಕ್ಕ ಅಂಗಡಿಗೆ ಓಡಿ ಹೊಸದನ್ನು ತಂದು ಕೂರಿಸುತ್ತಾರೆ. ಈ ಸಲ ಗುಂಡಿ ಒತ್ತಲು ಹಿರಿಯಮ್ಮನನ್ನೇ ಕರೆಯುತ್ತಾರೆ: "ತಿಂಗಳಿಗೊಂದ್ಸಲ ಒತ್ತಬೇಕಾದೋರು ನೀವೇ ತಾನೆ?"

ಹಿರಿಯಮ್ಮ ಸೆರಗಿಗೆ ಕೈ ಒರೆಸಿಕೊಂಡು ಗುಂಡಿ ಒತ್ತುತ್ತಾರೆ. ಟಕ್! ನೆಲಮಾಳಿಗೆಯೆಲ್ಲ ಕತ್ತಲು. ಆ ಕತ್ತಲಲ್ಲಿ ಅಕ್ಕನ ಫೋನ್ ಮಿನುಗುತ್ತದೆ. ಕೆಲಸ ಮುಗಿಯುವ ಹೊತ್ತಿಗೆ ಅಣ್ಣ ದಿನವೂ ಕೇಳುವುದು ಒಂದೇ ಮಾತು.

"ಬಿತ್ತಾ?"

"ಬಿತ್ತು ಅಣ್ಣ," ಎನ್ನುತ್ತಾರೆ ಅಕ್ಕ. "ಇನ್ನು ಮನೆಗೆ ಬರ್ತೀನಿ."